ಲಾನ್‌ಗೆ ಹರಳು ಔಷಧಿ ಹಾಕಿಸುವ ಮುಂಚೆ ಇದನ್ನು ಓದಿ

ಮೈಸೂರಿನ ನಮ್ಮ ಮನೆ ಮುಂದೆ ಒಂದು ಸಣ್ಣ ಲಾನ್ ಇದೆ. ಮಳೆಗಾಲದಲ್ಲಿ ಹುಲ್ಲು ಅಲ್ಲಲ್ಲಿ ಕಂದಿತು. ತೋಟ ನೋಡಿಕೊಳ್ಳುವ ಗುತ್ತಿಗೆಯವರು ಬಂದು, ಹೆಸರಿಲ್ಲದ ಪ್ಲಾಸ್ಟಿಕ್ ಕವರಿನಿಂದ ಹರಳು ಔಷಧಿ ಎರಚಿ, ನೀರು ಬಿಟ್ಟು ಹೋದರು. ಅಮ್ಮ ಕೇಳಿದ್ದಕ್ಕೆ "ಹುಳಕ್ಕಮ್ಮಾ, ಏನೂ ಆಗಲ್ಲ" ಅಂದರಂತೆ.

ಸಂಜೆಯೊಳಗೆ ಎರೆಹುಳುಗಳು ಮೇಲೆ ಬಂದು ಸತ್ತು ಬಿದ್ದಿದ್ದವು. ಅವನ್ನು ತಿನ್ನಲು ಇಳಿದ ಎರಡು ಗೊರವಂಕಗಳೂ ಅಲ್ಲೇ ಸತ್ತವು. ಆಮೇಲೆ ನಮ್ಮ ನಾಯಿ. ಬಾಯಿಂದ ಜೊಲ್ಲು ನಿಲ್ಲುತ್ತಿಲ್ಲ, ಹಿಂಗಾಲು ನಡುಗುತ್ತಿದೆ, ಕಣ್ಣಿನ ಪಾಪೆ ಚುಕ್ಕಿಯಷ್ಟಾಗಿದೆ. ಪಶುವೈದ್ಯರು ನೋಡಿದ ಕೂಡಲೇ ಕೀಟನಾಶಕದ ವಿಷ ಅಂದು ಅಟ್ರೋಪಿನ್ ಕೊಟ್ಟರು. ಬದುಕಿತು. ಅವರು ಮೊದಲು ಕೇಳಿದ್ದೇ ಪ್ಯಾಕೆಟ್. ನಮ್ಮ ಹತ್ತಿರ ಏನಿತ್ತು ತೋರಿಸಲು?

ಗುತ್ತಿಗೆಯವರನ್ನು ಒತ್ತಾಯ ಮಾಡಿ ಕೇಳಿದಾಗ ಬಾಯಿಬಿಟ್ಟರು: ಫೋರೇಟ್. ತೀರಾ ಅಪಾಯಕಾರಿ ವಿಷ ಅದು. 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ಅದರ ಮಾರಾಟ, ಬಳಕೆ ಎರಡೂ ನಿಷೇಧ. ಮಕ್ಕಳು ಬರಿಗಾಲಲ್ಲಿ ಆಡುವ ಜಾಗಕ್ಕೆ ಅದನ್ನು ಹಾಕುತ್ತಾರೆ ಅಂದ್ರೆ ಹೊಟ್ಟೆ ಉರಿಯುತ್ತದೆ.

ಇಷ್ಟಕ್ಕೂ ಅಲ್ಲಿ ಹುಳವೇ ಇರಲಿಲ್ಲ. ಗೊಣ್ಣೆ ಹುಳು ಬೇರು ತಿಂದಿದ್ದರೆ, ಒಣಗಿದ ಹುಲ್ಲನ್ನು ಹಿಡಿದೆಳೆದಾಗ ಚಾಪೆಯ ಹಾಗೆ ಎದ್ದು ಬರುತ್ತದೆ. ಕೆಳಗೆ ಕಂದು ತಲೆಯ ಬಿಳಿ ಹುಳು ಬಾಗಿಕೊಂಡು ಮಲಗಿರುತ್ತದೆ. ನಮ್ಮದು ಏಳಲೇ ಇಲ್ಲ. ನೀರು ನಿಂತು ಬೇರು ಕೊಳೆತಿತ್ತು, ಅಷ್ಟೇ. ಹಾಗಾಗಿ ಮೊದಲು ಎಳೆದು ನೋಡಿ, ಒಂದು ಅಡಿ ಜಾಗ ಅಗೆದು ನೋಡಿ. ಒಂದೆರಡು ಹುಳ ಕಂಡರೆ ಗಾಬರಿ ಬೇಡ, ಗೊರವಂಕಗಳೇ ಹೆಕ್ಕಿ ತಿನ್ನುತ್ತವೆ.

ಜಾಸ್ತಿ ಇದ್ದರೆ ಮೆಟರೈಜಿಯಂ ಶಿಲೀಂಧ್ರದ ಪುಡಿ ಸಿಗುತ್ತದೆ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ, ಮಣ್ಣು ಒದ್ದೆ ಇರುವಾಗ ಸಂಜೆ ಹೊತ್ತು ಹಾಕಬೇಕು. ಕೆಲಸ ನಿಧಾನ, ಒಂದೇ ದಿನದಲ್ಲಿ ಫಲ ಕಾಣಲ್ಲ. ಗೊಣ್ಣೆ ಹುಳುವನ್ನು ಕೊಲ್ಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಗಳ (ನೆಮಟೋಡ್) ಪುಡಿಯೂ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅದನ್ನು ರೂಪಿಸಿದೆ. ಗೊಣ್ಣೆ ಹುಳು ಬೆಳೆದು ದುಂಬಿಯಾಗುತ್ತದೆ; ಮುಂಗಾರಿನ ಮೊದಲ ಮಳೆ ಬಿದ್ದಾಗ ಈ ದುಂಬಿಗಳು ಮಣ್ಣಿನಿಂದ ಎದ್ದು ದೀಪಕ್ಕೆ ಬರುತ್ತವೆ. ಆಗಲೇ ಹಿಡಿದು ಸೋಪಿನ ನೀರಿಗೆ ಹಾಕಿದರೆ ಮೊಟ್ಟೆ ಇಡುವುದೇ ತಪ್ಪುತ್ತದೆ.

ಯಾರಾದರೂ ಔಷಧಿ ಹಾಕಲು ಬಂದರೆ ಸೀಲ್ ಒಡೆಯದ ಪ್ಯಾಕೆಟ್ ಕೇಳಿ. ಅದರ ಮೇಲೆ ಕೆಂಪು ತ್ರಿಕೋನ, ಅಂದರೆ ತೀರಾ ವಿಷ ಅನ್ನುವ ಗುರುತು, ಇದ್ದರೆ ವಾಪಸ್ ಕಳಿಸಿ. ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ, ಬಿಲ್ಲಿನಲ್ಲಿ ಔಷಧಿಯ ಹೆಸರು ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಗೇಟಿನಿಂದಲೇ ಕಳಿಸಿಬಿಡಿ.