ವಾರದ ಮಾತ್ರೆಯನ್ನು ಅಮ್ಮ ದಿನಾ ನುಂಗಿದರು: ಮೆಥೊಟ್ರೆಕ್ಸೇಟ್ ತಗೊಳ್ಳುವವರು ದಯವಿಟ್ಟು ಓದಿ

ನಿಮ್ಮ ಮನೆಯಲ್ಲಿ ಯಾರಾದರೂ ಕೀಲುವಾತಕ್ಕೋ ಸೋರಿಯಾಸಿಸ್‌ಗೋ ಮೆಥೊಟ್ರೆಕ್ಸೇಟ್ ಅನ್ನುವ ಮಾತ್ರೆ ತಗೊಳ್ಳುತ್ತಿದ್ದಾರಾ? ಹಾಗಿದ್ದರೆ ಮೊದಲು ಅವರನ್ನು ಒಂದು ಮಾತು ಕೇಳಿ ಬನ್ನಿ. ವಾರಕ್ಕೆ ಒಂದೇ ದಿನ ತಾನೇ? ಹೌದು ಅಂದರೆ ಮುಂದಿನದನ್ನು ನಿಧಾನಕ್ಕೆ ಓದಿ. ದಿನಾ ಅಂದರೆ ಓದುವುದು ಬಿಟ್ಟು ಈಗಲೇ ಡಾಕ್ಟರಿಗೆ ಫೋನ್ ಮಾಡಿ.

ನಮ್ಮಮ್ಮನಿಗೆ 64 ವರ್ಷ. ಹಾಸನದ ಕಡೆ ಊರಲ್ಲಿ ಒಬ್ಬರೇ ಇರುತ್ತಾರೆ. ಒಂದು ವರ್ಷದಿಂದ ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಕ್ಕೇ ಆಗುತ್ತಿರಲಿಲ್ಲ. ಹೂ ಕಟ್ಟುವುದನ್ನು ಬಿಟ್ಟಾಗ ನನಗೆ ಗಾಬರಿಯಾಗಿ ಬೆಂಗಳೂರಿಗೆ ಕರೆಸಿ ತೋರಿಸಿದೆ. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುವಾತ ಅಂದರು. ರಕ್ತ, ಲಿವರ್, ಕಿಡ್ನಿ ಪರೀಕ್ಷೆ ಎಲ್ಲ ಮಾಡಿಸಿದ ಮೇಲೆ ಮೆಥೊಟ್ರೆಕ್ಸೇಟ್ 7.5 ಎಂ.ಜಿ. ಬರೆದರು. ವಾರಕ್ಕೆ ಒಂದು, ಉಳಿದ ದಿನ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಮಾತ್ರೆ. ಡಾಕ್ಟರು ಬಾಯಲ್ಲೂ ಹೇಳಿದರಂತೆ. ನಾನು ಆಗ ಬಿಲ್ಲಿಂಗ್ ಕೌಂಟರಿನ ಸಾಲಲ್ಲಿದ್ದೆ. ಅಮ್ಮ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ, "ಪಥ್ಯ ಏನಾದ್ರೂ ಇದ್ಯಾ?"

ಮಾತ್ರೆಯನ್ನು ಅವರು ಊರಿಗೆ ಹೋದ ಮೇಲೆ ಕೊಂಡರು. ಎಡವಟ್ಟಾಗಿದ್ದು ಅಲ್ಲಿ. ಚೀಟಿಯಲ್ಲಿ ವಾರಕ್ಕೊಮ್ಮೆ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು ನಿಜ, ಆದರೆ ಕಾಗೆ ಕಾಲು ಗುಬ್ಬಿ ಕಾಲು. ಮೆಡಿಕಲ್‌ನ ಹುಡುಗ ಎರಡೂ ಮಾತ್ರೆಯ ಕವರಿನ ಮೇಲೆ 1-0-0, ಅಂದರೆ ದಿನಾ ಬೆಳಿಗ್ಗೆ ಒಂದು ಅಂತ ಗೀಚಿಕೊಟ್ಟ. ತಿಂಗಳಿಗೆ ಬೇಕಾಗಿದ್ದು ನಾಲ್ಕೇ ಮಾತ್ರೆ. ಸ್ಟ್ರಿಪ್ ಕತ್ತರಿಸುವ ಗೋಜಿಗೆ ಹೋಗದೆ ಹತ್ತೂ ಕೊಟ್ಟ. ನಾಲ್ಕೇ ಕೊಟ್ಟಿದ್ದರೆ ಐದನೇ ದಿನ ಅಮ್ಮ "ಮಾತ್ರೆ ಮುಗೀತು ಕಣೆ" ಅಂತ ನನಗೆ ಫೋನ್ ಮಾಡುತ್ತಿದ್ದರು. ಅಲ್ಲಿಗೇ ಗೊತ್ತಾಗುತ್ತಿತ್ತು.

ಆರನೇ ದಿನ ಬಾಯಿ ಹುಣ್ಣು ಶುರುವಾಯಿತು. ನಮ್ಮ ಕಡೆ ಬಾಯಿ ಹುಣ್ಣು ಅಂದರೆ ಮುಗಿಯಿತು, ಉಷ್ಣ. ಅಮ್ಮ ಜೀರಿಗೆ ನೀರು ಕುಡಿದರು, ತುಪ್ಪ ಸವರಿಕೊಂಡರು. ಅದೇ ಮೆಡಿಕಲ್‌ಗೆ ಹೋಗಿ ಬಿ ಕಾಂಪ್ಲೆಕ್ಸ್ ತಂದರು. ಅದರ ಜೊತೆಗೆ ಬೆಳಿಗ್ಗೆ ಬೆಳಿಗ್ಗೆ ಮೆಥೊಟ್ರೆಕ್ಸೇಟಿನ ಆ ಹಳದಿ ಮಾತ್ರೆಯನ್ನೂ ನಿಷ್ಠೆಯಿಂದ ನುಂಗುತ್ತಲೇ ಇದ್ದರು. ನಾನೂ ದಿನಾ ಸಂಜೆ ಫೋನ್ ಮಾಡಿ "ಮಾತ್ರೆ ತಗೊಂಡ್ಯಾಮ್ಮ?" ಅಂತ ಕೇಳುತ್ತಿದ್ದೆ. "ತಗೊಂಡೆ" ಅಂದರೆ ನನಗೆ ಸಮಾಧಾನ. ಯಾವ ಮಾತ್ರೆ ಅಂತ ಒಂದು ದಿನವೂ ಕೇಳಲಿಲ್ಲ.

ಒಂಬತ್ತನೇ ದಿನ ಜ್ವರ. ಮುದ್ದೆ ಬಿಡಿ, ಮಜ್ಜಿಗೆ ಕೂಡ ಇಳಿಯುತ್ತಿಲ್ಲ ಅಂತ ಪಕ್ಕದ ಮನೆಯವರು ಫೋನ್ ಮಾಡಿದರು. ರಾತ್ರಿಯೇ ಹೊರಟೆ. ಅಮ್ಮನ ತಲೆದೆಸೆಯಲ್ಲಿ ಸ್ಟ್ರಿಪ್ ಇತ್ತು. ಹತ್ತರಲ್ಲಿ ಒಂಬತ್ತು ಗುಂಡಿ ಖಾಲಿ. ಎರಡು ಮಾತ್ರೆ ಹೋಗಬೇಕಾದ ಹೊತ್ತಿಗೆ ಒಂಬತ್ತು ಹೊಟ್ಟೆಗೆ ಹೋಗಿತ್ತು.

ಆಸ್ಪತ್ರೆಯಲ್ಲಿ ಬಿಳಿ ರಕ್ತಕಣ 1,400 ಬಂತು. ಸಾಮಾನ್ಯವಾಗಿ 4,000ದ ಮೇಲಿರಬೇಕು. ಪ್ಲೇಟ್‌ಲೆಟ್ 48,000ಕ್ಕೆ ಇಳಿದಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಸ್ಟ್ರಿಪ್ ನೋಡಿದವರೇ "ದಿನಾ ತಗೊಂಡ್ರಾ?" ಅಂದರು. ಅವರ ಮುಖ ನೋಡಿ ನನಗೆ ಅರ್ಥವಾಯಿತು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಹೊಸ ಜೀವಕೋಶ ಹುಟ್ಟುವುದಕ್ಕೆ ಫೋಲಿಕ್ ಆಸಿಡ್ ಬೇಕು. ಮೆಥೊಟ್ರೆಕ್ಸೇಟ್ ಅದರ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ. ಅದಕ್ಕೇ ದೊಡ್ಡ ಡೋಸಿನಲ್ಲಿ ಇದು ಕ್ಯಾನ್ಸರ್ ಔಷಧಿ. (ಇದನ್ನು ತಯಾರಿಸಿದ ಅಮೆರಿಕದ ತಂಡದ ಮುಂದಾಳು ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅಂತ ವಾರ್ಡಿನಲ್ಲಿ ಕೂತು ಓದಿಕೊಂಡೆ. ಬೇರೆ ಹೊತ್ತಲ್ಲಾದರೆ ಹೆಮ್ಮೆ ಪಡುತ್ತಿದ್ದೆ.) ವಾರಕ್ಕೊಮ್ಮೆ ಸಣ್ಣ ಡೋಸಿನಲ್ಲಿ ಕೊಟ್ಟರೆ ಕೀಲಿನ ಉರಿಯೂತ ತಗ್ಗುತ್ತದೆ, ಮೈಗೆ ಸುಧಾರಿಸಿಕೊಳ್ಳಲು ಆರು ದಿನ ಸಿಗುತ್ತದೆ. ದಿನಾ ಕೊಟ್ಟರೆ ಆ ಬಿಡುವೇ ಇಲ್ಲ. ಬಾಯಿ, ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ, ಹೀಗೆ ಬೇಗ ಬೇಗ ಹೊಸದಾಗುವ ಜಾಗಗಳಿಗೇ ಮೊದಲು ಏಟು. ಅಮ್ಮನ ಬಾಯಿ ಹುಣ್ಣು ಉಷ್ಣದ್ದಲ್ಲ.

ಫೋಲಿನಿಕ್ ಆಸಿಡ್ ಇಂಜೆಕ್ಷನ್ ಕೊಟ್ಟರು. ಫೋಲಿಕ್ ಅಲ್ಲ, ಫೋಲಿನಿಕ್; ಮೆಥೊಟ್ರೆಕ್ಸೇಟ್ ಅಡ್ಡ ನಿಂತರೂ ಕೆಲಸ ಮಾಡುವಂಥದ್ದು. ಹನ್ನೊಂದು ದಿನ ಬೇರೆ ರೂಮಿನಲ್ಲಿಟ್ಟರು. ಅಮ್ಮ ಉಳಿದರು. ಇಂಥ ತಪ್ಪಿನಲ್ಲಿ ಉಳಿಯದವರೂ ಇದ್ದಾರೆ. ಯುರೋಪಿನ ಔಷಧ ನಿಯಂತ್ರಕರು 2019ರಲ್ಲಿ ಇದೊಂದು ತಪ್ಪನ್ನು ತಡೆಯುವುದಕ್ಕೇ, ವಾರಕ್ಕೊಮ್ಮೆ ಅನ್ನುವುದು ಪ್ಯಾಕೆಟ್ ಮೇಲೆ ಎದ್ದು ಕಾಣಬೇಕು ಅಂದಿದ್ದರು.

ಮಾತ್ರೆ ಬರೆದ ಡಾಕ್ಟರನ್ನು ಕೇಳಿದರೆ "ನಾನು ಸರಿಯಾಗೇ ಹೇಳಿದ್ದೆ" ಅಂದರು. ಮೆಡಿಕಲ್‌ನವರು ಡಾಕ್ಟರ ಕೈಬರಹ ತೋರಿಸಿದರು. ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಿರಿ ಅಂತ ವೈದ್ಯರಿಗೆ 2016ರಲ್ಲೇ ಸೂಚನೆ ಬಂದಿದೆ. ಜಗಳ ಆಡಿದೆ. ಆಡಿ ಏನು ಬಂತು?

ಮಾತ್ರೆಯೇ ಕೆಟ್ಟದ್ದು ಅಂದುಕೊಳ್ಳಬೇಡಿ. ನಮ್ಮ ಎದುರು ಮನೆಯ ಆಂಟಿ ಆರು ವರ್ಷದಿಂದ ಇದನ್ನೇ ತಗೊಂಡು ಚೆನ್ನಾಗಿದ್ದಾರೆ. ಸುಮ್ನೆ ಹೆದರಿ ನೀವೇ ನಿಲ್ಲಿಸಿಬಿಡಬೇಡಿ. ಆ ಆಂಟಿ ಕ್ಯಾಲೆಂಡರಿನ ಪ್ರತಿ ಸೋಮವಾರಕ್ಕೂ ಗುರುತು ಹಾಕಿ, ಮಾತ್ರೆ ನುಂಗಿದ ಮೇಲೆ ಹೊಡೆದು ಹಾಕುತ್ತಾರೆ. ಫೋಲಿಕ್ ಆಸಿಡ್ ಕೂಡ ಚಿಕ್ಕ ಹಳದಿ ಮಾತ್ರೆಯೇ ಆದ್ದರಿಂದ ಅದನ್ನು ಬೇರೆ ಡಬ್ಬಿಯಲ್ಲಿಡುತ್ತಾರೆ. ವಾರದಲ್ಲಿ ಯಾವ ದಿನ ಅನ್ನುವುದನ್ನು ಡಾಕ್ಟರ ಕೈಯಲ್ಲೇ ಕನ್ನಡದಲ್ಲಿ ಬರೆಸಿಕೊಳ್ಳಿ. ನಾಲ್ಕು ವಾರಕ್ಕೆ ಎಷ್ಟು ಮಾತ್ರೆಯೋ ಅಷ್ಟೇ ಕತ್ತರಿಸಿ ಕೊಡಿ ಅಂತ ಅಂಗಡಿಯಲ್ಲಿ ಹಟ ಹಿಡಿಯಿರಿ. ಕಿಡ್ನಿ ತೊಂದರೆ ಇದ್ದರೆ, ಮಂಡಿನೋವಿಗೆ ಅಂತ ಪೇನ್‌ಕಿಲ್ಲರ್ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಇದರ ಜೊತೆ ಕೋಟ್ರೈಮಾಕ್ಸಜೋಲ್ ಅನ್ನುವ ಆಂಟಿಬಯೋಟಿಕ್ ಸೇರಿದರೆ ಬಹಳ ಅಪಾಯ. ಹಾಗಾಗಿ ಕೆಮ್ಮು, ಉರಿಮೂತ್ರ ಅಂತ ಬೇರೆ ಡಾಕ್ಟರ ಹತ್ತಿರ ಹೋದಾಗಲೂ ಹೇಳಲೇಬೇಕು. ಗರ್ಭಿಣಿಯರು, ಮಗು ಬೇಕು ಅಂದುಕೊಂಡಿರುವವರು ಮುಟ್ಟಬಾರದು. ಔಷಧಿಯಿಂದ ಅಡ್ಡಪರಿಣಾಮ ಆದರೆ ತಿಳಿಸಲು ಸರ್ಕಾರದ ಉಚಿತ ನಂಬರೂ ಇದೆ, 1800 180 3024. ಆದರೆ ಬಾಯಿ ಹುಣ್ಣು, ಜ್ವರ, ಉಸಿರಾಟದ ತೊಂದರೆ, ಮೈಮೇಲೆ ಎಲ್ಲೆಂದರಲ್ಲಿ ರಕ್ತ ಹೆಪ್ಪುಗಟ್ಟಿದಂಥ ಗುರುತು ಕಂಡರೆ ಮೊದಲು ಆಸ್ಪತ್ರೆ.

ಅಮ್ಮನಿಗೆ ಈಗ ಬೇರೆ ಔಷಧಿ ನಡೆಯುತ್ತಿದೆ. ಅದೇ ಮೆಡಿಕಲ್‌ಗೇ ಹೋಗುತ್ತಾರೆ, ಊರಲ್ಲಿ ಇರುವುದು ಅದೊಂದೇ. ಹೋದ ತಿಂಗಳು ಬರೀ ಕೆಮ್ಮಿನ ಸಿರಪ್ ತರಲು ಹೋಗಿ, ಹಿಂದೆ ನಾಲ್ಕು ಜನ ಕಾಯುತ್ತಿದ್ದರೂ ಆ ಹುಡುಗನಿಗೆ ಅಂದರಂತೆ, "ದಿನಾನಾ, ವಾರಕ್ಕಾ? ಚೀಟಿ ನೋಡ್ಕೊಂಡು ಜೋರಾಗಿ ಓದಪ್ಪ."