ಸಾಲದ ವರದಿಯ ತಪ್ಪು ತಿದ್ದಿಸಲು ವೆಬ್‌ಸೈಟ್ ಮೇಲೋ, ಬ್ಯಾಂಕಿನ ಶಾಖೆ ಮೇಲೋ?

ನೀವು ಪಡೆದ ಸಾಲಗಳು, ಅವನ್ನು ಕಟ್ಟಿದ ಬಗೆ ಎಲ್ಲ ದಾಖಲಾಗಿರುವುದೇ ಸಾಲದ ವರದಿ (ಕ್ರೆಡಿಟ್ ರಿಪೋರ್ಟ್). ಅದರಲ್ಲಿನ ತಪ್ಪು ತಿದ್ದಿಸಲು ಮೂರು ದಾರಿ ಇವೆ. ವರದಿ ಕೊಡುವ ಸಂಸ್ಥೆಯ ವೆಬ್‌ಸೈಟಿನಲ್ಲಿ ತಕರಾರು ಹಾಕಬಹುದು, ಸಾಲ ಕೊಟ್ಟ ಶಾಖೆಗೆ ಲಿಖಿತ ಅರ್ಜಿ ಕೊಡಬಹುದು, ಕೊನೆಗೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಮೂರನ್ನೂ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಸ್ಪಷ್ಟ: ತಪ್ಪು ಹುಟ್ಟಿದ್ದು ಎಲ್ಲಿ ಎಂದು ನೋಡಿ ದಾರಿ ಆರಿಸಿಕೊಳ್ಳಬೇಕು.

ಮೊದಲು ವರದಿ ತೆಗೆಯುವ ವಿಚಾರ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಮೊಬೈಲ್ ಆ್ಯಪ್‌ಗಳೂ ಪುಕ್ಕಟೆ ಸ್ಕೋರ್ (ಸಾಲ ಕಟ್ಟಿದ ರೀತಿ ನೋಡಿ ಕೊಡುವ ಅಂಕ) ತೋರಿಸುತ್ತವೆ. ಆದರೆ ಅವು ಸಾಮಾನ್ಯವಾಗಿ ಒಂದೇ ಸಂಸ್ಥೆಯ ಸಾರಾಂಶ ಕೊಟ್ಟು, ಜೊತೆಗೆ ಸಾಲದ ಜಾಹೀರಾತು ಹಚ್ಚುತ್ತವೆ. ತಿದ್ದುಪಡಿಗೆ ಬೇಕಾದದ್ದು ಸಂಸ್ಥೆಯ ಸ್ವಂತ ವೆಬ್‌ಸೈಟಿನಿಂದ ಇಳಿಸಿದ ಪೂರ್ಣ ವರದಿ. ಅದರ ತಲೆಯಲ್ಲಿ ಇರುವ ವರದಿ ಸಂಖ್ಯೆ ಇಲ್ಲದೆ ತಕರಾರು ಮುಂದೆ ಹೋಗುವುದಿಲ್ಲ. ಸಿಬಿಲ್‌ನಲ್ಲಿ ಇದನ್ನು ಕಂಟ್ರೋಲ್ ನಂಬರ್ ಎನ್ನುತ್ತಾರೆ. ಸಂಘದ ಸಾಲ ಇರುವ ಹೆಂಗಸರು ಹೈಮಾರ್ಕ್ ವರದಿಯನ್ನೇ ಮೊದಲು ತೆಗೆಯಲಿ, ಮೈಕ್ರೋಫೈನಾನ್ಸ್ ಮಾಹಿತಿಯಲ್ಲಿ ಅದು ಮೊದಲಿನಿಂದ ಗಟ್ಟಿ. ನಮ್ಮ ಉತ್ತರ ಕನ್ನಡದ ಜೋಯಿಡಾ, ಯಲ್ಲಾಪುರದ ಒಳಹಳ್ಳಿಯವರು ಪೇಟೆಗೆ ಬಂದಾಗ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಸಿಗ್ನಲ್ ಇಲ್ಲದೆ ಒಟಿಪಿ ತಡವಾದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ವರದಿಯಲ್ಲಿ ಸ್ಕೋರ್ ಬಿಟ್ಟು ಖಾತೆಗಳ ಚೌಕ ಓದಿ. ಪ್ರತಿ ಸಾಲದ ಕೆಳಗೆ 36 ತಿಂಗಳವರೆಗಿನ ಮನೆಗಳಿರುತ್ತವೆ. 000 ಇದ್ದರೆ ಬಾಕಿ ಇಲ್ಲ, 037 ಇದ್ದರೆ 37 ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಎಂದಿದ್ದರೆ ಆ ತಿಂಗಳ ಮಾಹಿತಿ ಬಂದಿಲ್ಲ ಎಂದರ್ಥ, ಅದಕ್ಕೆ ಗಾಬರಿ ಬೇಡ. ಬಂಗಾರದ ಸಾಲದಲ್ಲಿ ಆಗಾಗ ಕಾಣುವ ತೊಡಕು ಹೀಗಿರುತ್ತದೆ: ಅಸಲು ಕಟ್ಟಿ ಒಡವೆ ಬಿಡಿಸಿಕೊಂಡಾಗಿದೆ, ಆದರೆ ಯಾವುದೋ ಶುಲ್ಕದ ₹200–300 ಖಾತೆಯಲ್ಲಿ ಉಳಿದು ಖಾತೆ ಮುಚ್ಚಿಲ್ಲ. ಆಗ ಮನೆಗಳು 030, 060, 090 ಎಂದು ಏರುತ್ತಲೇ ಹೋಗುತ್ತವೆ. ಮೊತ್ತ ಸಣ್ಣದಾದರೂ ಕಟ್‌ಬಾಕಿ ಕಟ್‌ಬಾಕಿಯೇ.

ಇಂಥದ್ದಕ್ಕೆ ವೆಬ್‌ಸೈಟಿನ ತಕರಾರು ಪ್ರಯೋಜನಕ್ಕೆ ಬಾರದು. ಸಂಸ್ಥೆ ತಾನಾಗಿ ಏನನ್ನೂ ತಿದ್ದುವುದಿಲ್ಲ, ನಿಮ್ಮ ತಕರಾರನ್ನು ಬ್ಯಾಂಕಿಗೆ ಕಳಿಸಿ ಉತ್ತರ ಕೇಳುತ್ತದೆ. ಬ್ಯಾಂಕಿನವರು ತಮ್ಮ ಕಂಪ್ಯೂಟರ್ ನೋಡುತ್ತಾರೆ. ಅಲ್ಲಿ ಬಾಕಿ ಇದೆ, 'ಮಾಹಿತಿ ಸರಿ ಇದೆ' ಎಂದು ಉತ್ತರ ಹೋಗುತ್ತದೆ. ಆದ್ದರಿಂದ ಶಾಖೆಯೇ ಸರಿ. ಉಳಿಕೆ ಕಟ್ಟಿ ಖಾತೆ ಮುಚ್ಚಿಸಿ, ಬೇಬಾಕಿ ಪತ್ರ (ಬಾಕಿ ಏನೂ ಇಲ್ಲ ಎಂಬ ಪತ್ರ) ಮತ್ತು ಮುಚ್ಚಿದ ದಿನಾಂಕ ಕಾಣುವ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮಾಹಿತಿ ಕಳಿಸುವುದು ಶಾಖೆಯಲ್ಲ, ಕೇಂದ್ರ ಕಚೇರಿ. ಹಾಗಾಗಿ ಅದೇ ದಾಖಲೆಗಳನ್ನು ದೂರುಗಳನ್ನು ನೋಡಿಕೊಳ್ಳುವ ಬ್ಯಾಂಕಿನ ನೋಡಲ್ ಅಧಿಕಾರಿಗೂ ಇಮೇಲ್ ಮಾಡಿ. ಈ ದಾರಿಯ ದೊಡ್ಡ ಲಾಭ ಬೇರೆಯೇ ಇದೆ: ಬ್ಯಾಂಕಿನ ಲೆಕ್ಕ ಸರಿಯಾದರೆ ಮುಂದಿನ ಮಾಹಿತಿ ನಾಲ್ಕೂ ಸಂಸ್ಥೆಗಳಿಗೆ ಸರಿಯಾಗಿ ಹೋಗುತ್ತದೆ. 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆ ಅಥವಾ ಅದಕ್ಕಿಂತ ಬೇಗ ಮಾಹಿತಿ ಕಳಿಸಬೇಕೆಂಬ ನಿಯಮ ಬಂದಿದೆ, ಮೊದಲಿನಂತೆ ತಿಂಗಳು ಕಾಯಬೇಕಿಲ್ಲ.

ಪಹಣಿಯಲ್ಲಿ ಬೋಜಾ (ಜಮೀನಿನ ಮೇಲೆ ನಮೂದಾದ ಸಾಲದ ಹೊರೆ) ಇಳಿಸಿದರೆ ಎಲ್ಲ ಮುಗಿಯಿತು ಎಂದು ತೋಟಿಗರು ತಿಳಿಯುವುದುಂಟು. ಪಹಣಿ ಕಂದಾಯ ಇಲಾಖೆಯ ದಾಖಲೆ, ಸಾಲದ ವರದಿಗೂ ಅದಕ್ಕೂ ಸಂಪರ್ಕವಿಲ್ಲ. ದೋಣಿ ಸಾಲದವರು ಮಂಜೂರಾತಿ ಪತ್ರ ತೆಗೆದು ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ತಿಂಗಳುಗಳಿಗೆ ಕಂತು ಇಲ್ಲ ಎಂದು ಪತ್ರದಲ್ಲಿದ್ದೂ ವರದಿಯಲ್ಲಿ ತಡ ಎಂದು ಬಿದ್ದಿದ್ದರೆ ಅದು ತಪ್ಪು, ಶಾಖೆಯಲ್ಲೇ ತಿದ್ದಿಸಬೇಕು. ಪತ್ರದಲ್ಲಿ ಹಾಗಿಲ್ಲದಿದ್ದರೆ ಅದು ನಿಜವಾದ ತಡ. ಯಾವ ದಾರಿಯಲ್ಲೂ ಅಳಿಸಲಾಗದು. ದುಡ್ಡು ಕೊಟ್ಟರೆ ಅಳಿಸಿಕೊಡುತ್ತೇನೆ ಎನ್ನುವ ಏಜೆಂಟರಿಗೆ ಆಧಾರ್, ಪ್ಯಾನ್ ಪ್ರತಿ ಕೊಡಲೇಬೇಡಿ.

ವೆಬ್‌ಸೈಟ್ ಗೆಲ್ಲುವುದು ಗುರುತಿನ ತಪ್ಪುಗಳಲ್ಲಿ. ನಮ್ಮ ಜಿಲ್ಲೆಯಲ್ಲಿ ಹೆಗಡೆ, ನಾಯ್ಕ, ಗೌಡ, ಭಟ್ಟ ಎಂಬ ಅಡ್ಡಹೆಸರು ಊರಿಗೆ ಹತ್ತಾರು. ಅಪ್ಪನ ಹೆಸರೂ ಒಂದೇ ಆದರೆ ಇನ್ನೊಬ್ಬರ ಸಾಲ ನಿಮ್ಮ ವರದಿಗೆ ಬಂದು ಕೂರಬಹುದು. ಪ್ಯಾನ್ ಇಲ್ಲದೆ ಮತದಾರರ ಚೀಟಿಯ ಮೇಲೆ ಪಡೆದ ಹಳೇ ಸಾಲಗಳಲ್ಲಿ ಈ ಅಪಾಯ ಹೆಚ್ಚು. ನಿಮಗೆ ಸಂಬಂಧವೇ ಇಲ್ಲದ ಶಾಖೆಗೆ ಅಲೆಯುವ ಬದಲು, ವರದಿ ಸಂಖ್ಯೆ ಹಾಕಿ 'ಈ ಖಾತೆ ನನ್ನದಲ್ಲ' ಎಂದು ಆರಿಸಿದರೆ ಸಾಕು. ಆದರೆ ಒಂದು ಸಂಸ್ಥೆಯಲ್ಲಿ ಹಾಕಿದ್ದು ಉಳಿದ ಮೂರಕ್ಕೆ ತಾನಾಗಿ ತಲುಪುತ್ತದೆ ಎಂದು ನಂಬಿಕೊಳ್ಳಬೇಡಿ. 'ನನ್ನದಲ್ಲ' ಎಂದು ಹಾಕುವ ಮೊದಲು ಎರಡು ಸಂಗತಿ ಖಚಿತಪಡಿಸಿಕೊಳ್ಳಿ. ನೆರೆಯವರಿಗೆ ಹಾಕಿದ ಜಾಮೀನು ಕೂಡ ನಿಮ್ಮ ವರದಿಯಲ್ಲಿ ಬರುತ್ತದೆ, ಅದು ತಪ್ಪಲ್ಲ. ಬ್ಯಾಂಕ್ ವಿಲೀನದಿಂದ ಹೆಸರು ಬದಲಾಗಿರಲೂಬಹುದು: ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿವೆ. ಒಂದೇ ಸಾಲ ಹಳೇ ಮತ್ತು ಹೊಸ ಎರಡೂ ಹೆಸರಲ್ಲಿ ಕಂಡರೆ 'ನನ್ನದಲ್ಲ' ಎನ್ನದೆ 'ನಕಲು ಖಾತೆ' ಎಂದು ಹಾಕಬೇಕು.

ಎರಡೂ ದಾರಿಗೆ ಗಡುವು 30 ದಿನ, ಮೊದಲ ದೂರಿನ ದಿನದಿಂದ ಲೆಕ್ಕ. ಅದರಲ್ಲಿ ಬ್ಯಾಂಕಿಗೆ 21 ದಿನ. ಮೀರಿದರೆ ದಿನಕ್ಕೆ ₹100 ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಸ್ವೀಕೃತಿ ಮೊಹರಿಗೆ ಇಷ್ಟು ಒತ್ತು ಕೊಟ್ಟಿದ್ದು ಇದಕ್ಕೇ. 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಿ. ಶುಲ್ಕವಿಲ್ಲ, ವಿಚಾರಿಸಲು 14448ಕ್ಕೆ ಫೋನ್ ಮಾಡಿ. ಮೊದಲೇ ನೇರವಾಗಿ ಹೋದರೆ ದೂರು ವಾಪಸ್ಸಾಗುತ್ತದೆ. 2022ರ ಸೆಪ್ಟೆಂಬರ್ 1ರಿಂದ ವರದಿ ಸಂಸ್ಥೆಗಳೂ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬಂದಿವೆ, ತಪ್ಪು ಅವರದಾದರೆ ಅವರ ಮೇಲೆಯೇ ದೂರಬಹುದು.

ಇಷ್ಟರಲ್ಲಿ ಹೊಸ ಸಾಲದ ಅರ್ಜಿ ಬ್ಯಾಂಕಿನಲ್ಲಿ ಇದ್ದರೆ, ಬೇಬಾಕಿ ಪತ್ರದ ಪ್ರತಿ ಮತ್ತು ತಕರಾರಿನ ಸಂಖ್ಯೆಯನ್ನು ಮ್ಯಾನೇಜರರಿಗೆ ಕೊಟ್ಟಿಡಿ. ಅದೇ ಹೊತ್ತಿಗೆ ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕಲು ಹೋಗಬೇಡಿ. ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ.