ರೆಜಿಸ್ಟ್ರಿಯಲ್ಲಿ ಸೆಟ್ಟಿಂಗ್ಸ್: ವಿನ್32, ಡಾಟ್‌ನೆಟ್, ಕ್ಯೂಟಿ ಮೂರನ್ನೂ ಬಳಸಿ ನೋಡಿದಾಗ

ವಿಂಡೋಸ್ ಆ್ಯಪ್‌ನ ಸೆಟ್ಟಿಂಗ್ಸ್ ಅನ್ನು ರೆಜಿಸ್ಟ್ರಿಯಲ್ಲಿ (ಕೀ ಎಂಬ ಫೋಲ್ಡರ್‌ನಂಥ ಜಾಗಗಳಲ್ಲಿ ಸೆಟ್ಟಿಂಗ್ಸ್ ಅನ್ನು ವ್ಯಾಲ್ಯೂಗಳಾಗಿ ಇಡುವ ವಿಂಡೋಸ್‌ನ ಉಗ್ರಾಣ) ಇಡಲು ದಾರಿಗಳು ಬೇಕಾದಷ್ಟಿವೆ. ಒಂದೇ ಚಿಕ್ಕ ಕೆಲಸವನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡಿದೆ. ವಿಂಡೋ ಸೈಜ್, ಕೊನೆಗೆ ತೆರೆದ ಫೈಲಿನ ಪಾತ್, ಆಟೋಸೇವ್ ಆನ್ ಇದೆಯೋ ಇಲ್ಲವೋ, ಇಷ್ಟೇ. ಬರೆಯುವುದು ಎಲ್ಲದರಲ್ಲೂ ಸಲೀಸು. ಓದುವಾಗ, ಅದರಲ್ಲೂ ಬೇರೆ ಪ್ರೋಗ್ರಾಂ ಬರೆದದ್ದನ್ನು ಓದುವಾಗ, ಒಂದೊಂದರ ಬಣ್ಣ ಬಯಲಾಗುತ್ತದೆ.

ಮೊದಲು ವಿನ್32, ಅಂದರೆ ವಿಂಡೋಸ್‌ನ ಸ್ವಂತ ಫಂಕ್ಷನ್‌ಗಳ ಗುಂಪು. ಹಳೆಯ ಕೋಡ್‌ಗಳಲ್ಲೆಲ್ಲ ಕಾಣುವುದು ರೆಗ್‌ಓಪನ್‌ಕೀಇಎಕ್ಸ್, ರೆಗ್‌ಕ್ವೆರಿವ್ಯಾಲ್ಯೂಇಎಕ್ಸ್, ರೆಗ್‌ಕ್ಲೋಸ್‌ಕೀ. ಈ ಗುಂಪಿನಲ್ಲಿ ಒಂದು ಕಿರಿಕಿರಿ ಇದೆ. ರೆಜಿಸ್ಟ್ರಿಯಲ್ಲಿರುವ ಸ್ಟ್ರಿಂಗ್‌ನ ಕೊನೆಯಲ್ಲಿ ನಲ್ (ಸ್ಟ್ರಿಂಗ್ ಮುಗಿಯಿತು ಎನ್ನುವ ಗುರುತು) ಇದ್ದೇ ಇರುತ್ತದೆ ಎಂಬ ಖಾತ್ರಿ ಇಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು. ವಿಸ್ತಾದಿಂದ ಇರುವ ರೆಗ್‌ಗೆಟ್‌ವ್ಯಾಲ್ಯೂ ಈ ತಲೆನೋವನ್ನು ತೆಗೆಯುತ್ತದೆ. ನಲ್ ಅದೇ ಸೇರಿಸುತ್ತದೆ. ಸಬ್‌ಕೀ ಹೆಸರನ್ನು ನೇರವಾಗಿ ಕೊಡಬಹುದು, ಹಾಗಾಗಿ ಓಪನ್, ಕ್ಲೋಸ್ ಎರಡೂ ಬೇಡ. ನನಗೆ ಡಿವರ್ಡ್ (32 ಬಿಟ್ ಸಂಖ್ಯೆ) ಮಾತ್ರ ಬೇಕು ಅಂತ ಹೇಳಿದರೆ, ಅಲ್ಲಿ ಸ್ಟ್ರಿಂಗ್ ಸಿಕ್ಕಾಗ ಎರರ್ ಕೊಟ್ಟು ನಿಲ್ಲುತ್ತದೆ. ಸಿ++ ಬರೆಯುವವರು ಹೊಸ ಕೋಡ್‌ನಲ್ಲಿ ಇದನ್ನು ಬಿಟ್ಟು ಬೇರೆಯದನ್ನು ಬಳಸಲು ಕಾರಣವೇ ಇಲ್ಲ.

ಡಾಟ್‌ನೆಟ್ ಎಂದರೆ ಸಿ ಶಾರ್ಪ್‌ನಂಥ ಭಾಷೆಗಳಿಗೆ ಮೈಕ್ರೋಸಾಫ್ಟ್ ಮಾಡಿದ ವೇದಿಕೆ. ಅದರ ರೆಜಿಸ್ಟ್ರಿ ಕ್ಲಾಸ್ ಕೈಗೆ ತುಂಬಾ ಹಗುರ. ಕ್ರಿಯೇಟ್‌ಸಬ್‌ಕೀ, ಸೆಟ್‌ವ್ಯಾಲ್ಯೂ, ಎರಡು ಸಾಲಿಗೆ ಕೆಲಸ ಮುಗಿಯಿತು. ಆದರೆ ಬರೆಯಲು ಅಂತ ಓಪನ್‌ಸಬ್‌ಕೀಗೆ ಬರೀ ಹೆಸರು ಕೊಟ್ಟರೆ ಅದು ಓದಲು ಮಾತ್ರ ತೆರೆಯುತ್ತದೆ. ಕೀ ಇಲ್ಲದಿದ್ದರೆ ಎಕ್ಸೆಪ್ಶನ್ ಬರುವುದಿಲ್ಲ, ಏನೂ ಸಿಗಲಿಲ್ಲ ಎನ್ನುವ ನಲ್ ಬರುತ್ತದೆ. ಇವೆಲ್ಲ ಬೇಗ ಗೊತ್ತಾಗುವ ಸಂಗತಿಗಳು. ಗೊತ್ತೇ ಆಗದಂತೆ ಕೆಡಿಸುವುದು ಎಕ್ಸ್‌ಪ್ಯಾಂಡ್ ಸ್ಟ್ರಿಂಗ್, ಅಂದರೆ ಓದುವಾಗ ಬಿಡಿಸಬೇಕಾದ ವೇರಿಯಬಲ್ ಒಳಗಿರುವ ಸ್ಟ್ರಿಂಗ್. ಯೂಸರ್‌ನ ಎನ್ವಿರಾನ್‌ಮೆಂಟ್ ಕೀಯಲ್ಲಿ ಪಾತ್ ವ್ಯಾಲ್ಯೂ ಇದೆ ಅಂದುಕೊಳ್ಳಿ, ಅದರೊಳಗೆ ಯೂಸರ್‌ಪ್ರೊಫೈಲ್ ಅನ್ನುವುದು ಎರಡು ಶೇಕಡಾ ಗುರುತುಗಳ ನಡುವೆ ಕೂತಿದೆ. ಗೆಟ್‌ವ್ಯಾಲ್ಯೂ ಅದನ್ನು ಬಿಡಿಸಿ ಪೂರ್ತಿ ಫೋಲ್ಡರ್ ಹೆಸರನ್ನೇ ಕೊಡುತ್ತದೆ. ಕೊನೆಗೆ ಒಂದು ಫೋಲ್ಡರ್ ಸೇರಿಸಿ ಸೆಟ್‌ವ್ಯಾಲ್ಯೂನಿಂದ ವಾಪಸ್ ಬರೆದರೆ ವೇರಿಯಬಲ್ ಮಾಯ, ಟೈಪ್ ಕೂಡ ಸಾದಾ ಸ್ಟ್ರಿಂಗ್ ಆಗಿರುತ್ತದೆ. ಓದುವಾಗ ಡುನಾಟ್‌ಎಕ್ಸ್‌ಪ್ಯಾಂಡ್ ಆಪ್ಶನ್, ಬರೆಯುವಾಗ ಟೈಪ್, ಎರಡನ್ನೂ ಹೇಳಿದರೆ ಮಾತ್ರ ಇದ್ದದ್ದು ಇದ್ದಂತೆ ಉಳಿಯುತ್ತದೆ.

ಕ್ಯೂಟಿ ಎಂಬ ಸಿ++ ಲೈಬ್ರರಿಯ ಕ್ಯೂಸೆಟ್ಟಿಂಗ್ಸ್ ಬೇರೆ ಜಾತಿಯದು. ಅದಕ್ಕೆ ರೆಜಿಸ್ಟ್ರಿ ಬರೀ ಒಂದು ಉಗ್ರಾಣ. ಅದೇ ಕೋಡ್ ಮ್ಯಾಕ್‌ನಲ್ಲಿ ಪಿಲಿಸ್ಟ್ ಎಂಬ ಸೆಟ್ಟಿಂಗ್ಸ್ ಫೈಲಿಗೆ, ಲಿನಕ್ಸ್‌ನಲ್ಲಿ ಐಎನ್‌ಐ ಮಾದರಿಯ ಫೈಲಿಗೆ ಬರೆಯುತ್ತದೆ. ನಿಮ್ಮದೇ ಸೆಟ್ಟಿಂಗ್ಸ್ ನೀವೇ ಓದುವಷ್ಟು ಕಾಲ ಇದಕ್ಕಿಂತ ಆರಾಮ ಇನ್ನೊಂದಿಲ್ಲ. ಆದರೆ ರೆಜಿಸ್ಟ್ರಿಯನ್ನು ತೋರಿಸುವ ವಿಂಡೋಸ್‌ನ ರೆಜೆಡಿಟ್ ತೆರೆದು ನೋಡಿ: ವಿಂಡೋ ಸೈಜ್ ಅಟ್ (@) ಗುರುತಿನಿಂದ ಶುರುವಾಗುವ ಒಂದು ಸ್ಟ್ರಿಂಗ್ ಆಗಿ ಕೂತಿರುತ್ತದೆ, ಅದು ಕ್ಯೂಟಿಗೆ ಬಿಟ್ಟರೆ ಬೇರೆ ಯಾರಿಗೂ ಅರ್ಥವಾಗದ ರೂಪ. ಬರೆಯಲು ಅನುಮತಿ ಇಲ್ಲದಿದ್ದರೂ ಸೆಟ್‌ವ್ಯಾಲ್ಯೂ ಸುಮ್ನೆ ಇರುತ್ತದೆ. ಸ್ಟೇಟಸ್ ಕೇಳಿದರೆ ಮಾತ್ರ ಬಾಯಿ ಬಿಡುತ್ತದೆ. ಇದು ನನಗೆ ಇಷ್ಟವಾಗಲಿಲ್ಲ.

ಆಟೋಸೇವ್ ಎಂಬ ಬೂಲಿಯನ್ (ಹೌದು ಅಥವಾ ಇಲ್ಲ) ಒಂದನ್ನೇ ತೆಗೆದುಕೊಂಡರೆ ಸಾಕು, ಮೂರರ ಗುಣವೂ ತಿಳಿಯುತ್ತದೆ. ಡಾಟ್‌ನೆಟ್‌ಗೆ ಬೂಲ್ ಕೊಟ್ಟರೆ ಟ್ರೂ ಎಂಬ ಸ್ಟ್ರಿಂಗ್ ಬರೆಯುತ್ತದೆ, ಕ್ಯೂಟಿಯೂ ಸ್ಟ್ರಿಂಗೇ ಬರೆಯುತ್ತದೆ. ಡಿವರ್ಡ್ ನಿರೀಕ್ಷಿಸಿ ಕೂತ ಸಿ++ ಕೋಡ್‌ಗೆ ಎರಡೂ ಆಗುವುದಿಲ್ಲ. ಅದಕ್ಕೇ ಈಗ ಎಲ್ಲ ಕಡೆ 0 ಅಥವಾ 1 ಅಂತ ಇಂಟ್ ಆಗಿಯೇ ಬರೆಯುತ್ತೇನೆ. ಆಗ ಮೂರೂ ಡಿವರ್ಡ್ ಆಗಿ ಇಡುತ್ತವೆ, ಮೂರೂ ಓದುತ್ತವೆ.

32 ಬಿಟ್, 64 ಬಿಟ್ ಗೊಂದಲ ಮಾತ್ರ ಯಾರನ್ನೂ ಬಿಟ್ಟಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಆ್ಯಪ್ ಲೋಕಲ್ ಮಷೀನ್‌ನ ಸಾಫ್ಟ್‌ವೇರ್ ಕೀ ಕೇಳಿದರೆ 32 ಬಿಟ್ ಆ್ಯಪ್‌ಗಳಿಗೆಂದೇ ಇರುವ ವೌ6432ನೋಡ್ ಒಳಗೆ ತಳ್ಳಲ್ಪಡುತ್ತದೆ. ರೆಜೆಡಿಟ್‌ನಲ್ಲಿ ಕಣ್ಣಿಗೆ ಕಾಣುವ ವ್ಯಾಲ್ಯೂ ಕೋಡ್‌ಗೆ ಸಿಗದಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ವಿನ್32ರಲ್ಲಿ ಇದಕ್ಕೆ ಫ್ಲ್ಯಾಗ್ ಇದೆ, ಡಾಟ್‌ನೆಟ್ 4ರಿಂದ ರೆಜಿಸ್ಟ್ರಿವ್ಯೂ ಇದೆ, ಕ್ಯೂಟಿ 5.7ರಿಂದ ರೆಜಿಸ್ಟ್ರಿ64ಫಾರ್ಮ್ಯಾಟ್ ಇದೆ.

ಆ್ಯಪ್ ಒಳಗಿಂದ ವಿಂಡೋಸ್‌ನ ಕಮಾಂಡ್ ಪ್ರೋಗ್ರಾಂ ರೆಗ್ ಡಾಟ್ ಇಎಕ್ಸ್‌ಇ ಓಡಿಸಿ ಅದರ ಔಟ್‌ಪುಟ್ ಕತ್ತರಿಸಿ ಓದುವವರೂ ಇದ್ದಾರೆ. ಬ್ಯಾಚ್ ಫೈಲ್‌ಗೆ ಅದು ಸರಿ, ಆ್ಯಪ್‌ಗೆ ಬೇಡ.

ನನ್ನ ಆಯ್ಕೆ ಹೀಗೆ: ಕ್ಯೂಟಿ ಆ್ಯಪ್‌ನ ಸ್ವಂತ ಸೆಟ್ಟಿಂಗ್ಸ್‌ಗೆ ಕ್ಯೂಸೆಟ್ಟಿಂಗ್ಸ್, ಸಿ ಶಾರ್ಪ್ ಆದರೆ ರೆಜಿಸ್ಟ್ರಿ ಕ್ಲಾಸ್. ಬೇರೆಯವರ ಕೀ ಮುಟ್ಟಬೇಕಾದರೆ ಕ್ಯೂಸೆಟ್ಟಿಂಗ್ಸ್ ಬಿಟ್ಟು ರೆಗ್‌ಗೆಟ್‌ವ್ಯಾಲ್ಯೂ, ಅಥವಾ ಟೈಪ್ ಹೇಳಿ ಬರೆಯುವ ಡಾಟ್‌ನೆಟ್. ಯಾವುದೇ ಆದರೂ ಬರೆಯುವ ಜಾಗ ರೆಜಿಸ್ಟ್ರಿಯ ಕರೆಂಟ್ ಯೂಸರ್ (ಆ ಬಳಕೆದಾರನದೇ ಭಾಗ) ಕೆಳಗೇ ಇರಲಿ, ಅಲ್ಲಿಗೆ ಅಡ್ಮಿನ್ ಅನುಮತಿ ಬೇಡ. 2048 ಬೈಟ್ ದಾಟುವ ಡೇಟಾವನ್ನು ಫೈಲಿನಲ್ಲಿಡಿ ಎಂದು ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ.